ಎಳ್ಳಿ ನಗ್ತಾ ಇರಲಿಲ್ಲ

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಹೋದ ವರ್ಷ ಏಪ್ರಿಲ್‌ನ ಒಂದು ಭಾನುವಾರ ತೆಗೆದದ್ದು. ಹಿಂದೆ ಕಲಬುರಗಿ ಕೋಟೆಯ ಹೊರಗೋಡೆ, ಕಂದಕದ ಬದಿಯ ಒಣಹುಲ್ಲು. ಮುಂದೆ ನಮ್ಮ ಕರಿ ನಾಯಿ ಎಳ್ಳಿ. ಬಾಯಿ ಕಿವಿಯ ತನಕ ಅಗಲವಾಗಿದೆ. ನಾಲಿಗೆ ಹೊರಗೆ. ಕಣ್ಣು ಸಣ್ಣಗೆ ಮಾಡಿಕೊಂಡಿದ್ದಾಳೆ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಕೆಂಪು ಹಾರ್ಟುಗಳು ಒಂದರ ಹಿಂದೆ ಒಂದು. "ಎಷ್ಟ್ ಚಂದ ನಗಲತ್ತಾಳ ನೋಡ್ರಿ" ಅಂತ ಬೀದರಿನಿಂದ ಕಾಕಿ ಬರೆದರು. ನಾನೂ ಹಾಗೇ ಅಂದುಕೊಂಡಿದ್ದೆ.

ಫೋಟೋದ ವಿವರ ತೆಗೆದು ನೋಡಿದರೆ ಹೊತ್ತು ಕಾಣುತ್ತೆ. ಬೆಳಿಗ್ಗೆ 9.52.

ಎಳ್ಳಿ ನಮ್ಮ ಮನೆಗೆ ಬಂದದ್ದು ಎಳ್ಳ ಅಮಾವಾಸ್ಯೆಯ ದಿನ. ಜೇವರ್ಗಿ ಕಡೆಯ ನಮ್ಮ ಹೊಲಕ್ಕೆ ಚರಗ ಚೆಲ್ಲೋಕೆ ಹೋಗಿದ್ದೆವು. ಸಜ್ಜಿ ರೊಟ್ಟಿ, ಭಜ್ಜಿ ಬುತ್ತಿ ಬಿಚ್ಚುವ ಹೊತ್ತಿಗೆ ತೊಗರಿ ಸಾಲಿನೊಳಗಿಂದ ಒಂದು ಕರಿ ಮರಿ ತೂರಾಡುತ್ತಾ ಬಂತು. ರೊಟ್ಟಿ ತಿಂತು, ಮಗಳ ತೊಡೆ ಏರಿತು, ಅಲ್ಲಿಗೆ ಮುಗೀತು. ಹಬ್ಬದ ಹೆಸರೇ ಇಟ್ಟಳು. ಬಣ್ಣವೂ ಕರಿ ಎಳ್ಳಿನದೇ. ಬೀದಿ ನಾಯಿ ಜಾತಿ, ನಮ್ಮ ಊರಿನ ಬಿಸಿಲಲ್ಲೇ ಹುಟ್ಟಿದ್ದು, ಅದಕ್ಕೆ ಬಿಸಿಲು ಏನು ಮಾಡುತ್ತೆ ಅನ್ನೋ ಧೈರ್ಯ ನನಗೆ.

ಆ ಭಾನುವಾರ ಬೆಂಗಳೂರಿನಿಂದ ಮೈದುನ ಬಂದಿದ್ದ. ಹೊಸ ಕ್ಯಾಮೆರಾ ಕೊಂಡಿದ್ದ. "ವೈನಿ, ಕೋಟಿ ಮುಂದ ಎಳ್ಳಿದು ಫೋಟೋ ತೆಗಿಯೋಣ ನಡೀರಿ" ಅಂದ. ಭಾನುವಾರ ಅಲ್ವಾ, ಎಲ್ಲರೂ ಎದ್ದು, ಸುಸಲಾ ತಿಂದು, ಹೊರಡುವ ಹೊತ್ತಿಗೆ ಎಂಟೂವರೆ. ಹೊರಗೆ ಕಾಲಿಡುವಾಗ ಅತ್ತೆ ಪಡಸಾಲೆಯಿಂದಲೇ ಒಂದು ಮಾತು ಹೇಳಿದ್ದರು. "ಎತ್ತಿಗೂ ಈ ಹೊತ್ತಿಗಿ ನೊಗ ಬಿಚ್ಚತಾರ. ನೀವ್ ನಾಯಿಗಿ ತಿರುಗಾಡ್ಸಲಕ ಹೊಂಟೀರಿ." ನಾವು ನಕ್ಕು ಹೊರಟೆವು.

ಕೋಟೆಯ ಒಳಗೆ ನಾಯಿ ಕರೆದುಕೊಂಡು ಹೋಗೋದು ಬೇಡ ಅಂತ ಹೊರಗಿನ ಕಂದಕದ ಬದಿಯಲ್ಲೇ ನಿಂತೆವು. ಕೂತುಕೋ, ನಿಂತುಕೋ, ಇತ್ತ ನೋಡು, ಕಿವಿ ಎತ್ತು. ಮುಕ್ಕಾಲು ಗಂಟೆ ಇದೇ ನಡೀತು. ನಾನು ಕುಡಿಯೋಕೆ ಒಂದು ಬಾಟಲಿ ನೀರು ತಂದಿದ್ದೆ. ಅವಳಿಗೆ ಅಂತ ಏನೂ ತಂದಿರಲಿಲ್ಲ. ಅಂಗೈಯಲ್ಲಿ ಸುರಿದು ಹಿಡಿದೆ, ಎರಡು ಸಲ ನೆಕ್ಕಿ ಮುಖ ತಿರುಗಿಸಿದಳು. ಬಾಯಾರಿಲ್ಲ ಅಂದುಕೊಂಡೆ.

ವಾಪಸ್ ಬರುವಾಗ ಸೂಪರ್ ಮಾರ್ಕೆಟ್ ಕಡೆ ತಿರುಗುವ ಹೊತ್ತಿಗೆ ಎಳ್ಳಿ ನಡಿಗೆ ಬದಲಾಯಿತು. ಒಂದೊಂದು ಕಾಲನ್ನೂ ಬೇಗ ಬೇಗ ಎತ್ತಿ ಇಡುತ್ತಿದ್ದಳು. ಆಮೇಲೆ ಒಂದು ಅಂಗಡಿಯ ನೆರಳು ಸಿಕ್ಕಿದ್ದೇ ಮಲಗಿಬಿಟ್ಟಳು. ಹಗ್ಗ ಎಳೆದರೂ ಏಳಲಿಲ್ಲ. ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿತ್ತು. ವಸಡು ನೋಡಿದರೆ ಕೆಂಪಗೆ, ಮೆಣಸಿನಕಾಯಿ ಬಣ್ಣ. ಕಣ್ಣು ನಮ್ಮನ್ನು ನೋಡುತ್ತಿತ್ತು, ಆದರೆ ನೋಡುತ್ತಿರಲಿಲ್ಲ. ಅದನ್ನು ಹೇಗೆ ಹೇಳೋದೋ ಗೊತ್ತಿಲ್ಲ.

ಅಂಗಡಿಯ ಅಜ್ಜ ಏನೂ ಕೇಳಲಿಲ್ಲ. ಒಳಗಿನ 20 ಲೀಟರಿನ ಕ್ಯಾನ್ ಎತ್ತಿ ತಂದು ಅವಳ ಹೊಟ್ಟೆ, ತೊಡೆ ಸಂದಿ, ಕುತ್ತಿಗೆ ಮೇಲೆ ಸುರಿದರು. ಕೈಗೆ ಒಂದು ರಟ್ಟು ಕೊಟ್ಟು "ಗಾಳಿ ಹಾಕ್ರಿ ಅಕ್ಕಾರ, ನಿಂತ್ ನೋಡ್ಲತ್ತೀರಲ್ಲ" ಅಂದರು. ಮೈದುನ ತನ್ನ ಟವೆಲ್ ಒದ್ದೆ ಮಾಡಿ ಹೊದಿಸೋಕೆ ಹೋದ. ಅಜ್ಜ ಅದನ್ನು ಕಿತ್ತು ಬದಿಗಿಟ್ಟರು. ಆಮೇಲೆ ಆಟೋ, ಆಮೇಲೆ ಪರಿಚಯದ ಪಶು ವೈದ್ಯರ ಮನೆ. ಅಲ್ಲಿ ಮುಟ್ಟುವ ಹೊತ್ತಿಗೆ ಜ್ವರ ನೋಡುವ ಕಡ್ಡಿ 104 ಡಿಗ್ರಿ ತೋರಿಸಿತು. ನಾಯಿಯ ಮೈ ಸಾಮಾನ್ಯವಾಗಿ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತೆ. 106ರ ಹತ್ತಿರ ಹೋದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಏಟು ಬೀಳುತ್ತೆ. "ಅಂಗಡಿಯಲ್ಲಿ ಎಷ್ಟಿತ್ತೋ. ನೀರು ಹಾಕಿ ತಂದದ್ದೇ ಬದುಕಿಸಿದೆ. ಮೊದಲು ತಂಪು ಮಾಡಬೇಕು, ಆಮೇಲೆ ಡಾಕ್ಟರ ಹತ್ತಿರ ಓಡಬೇಕು" ಅಂದರು ಅವರು. ನಾಲ್ಕು ಪಾದಗಳಲ್ಲಿ ಎರಡರ ಗಾದಿ ಸುಟ್ಟು ಗುಳ್ಳೆ ಎದ್ದಿತ್ತು.

ಹಾರ್ಟುಗಳು ಬರುತ್ತಲೇ ಇದ್ದವು. ಫೋನು ಚೀಲದೊಳಗೆ ಟಿಂಗ್ ಟಿಂಗ್ ಅನ್ನುತ್ತಿತ್ತು.

ಆಮೇಲೆ ಎಷ್ಟೋ ಸಲ ಆ ಫೋಟೋ ದೊಡ್ಡದು ಮಾಡಿ ನೋಡಿದ್ದೇನೆ. ಈಗ ಎಲ್ಲಾ ಕಾಣುತ್ತೆ. ನಾಲಿಗೆ ಬರೀ ಹೊರಗೆ ಬಂದಿಲ್ಲ. ತುದಿಯಲ್ಲಿ ಸಲಿಕೆ ಥರ ಅಗಲವಾಗಿದೆ. ಬಿಸಿ ಹೊರಗೆ ಹಾಕೋಕೆ ರಕ್ತ ಅಲ್ಲಿಗೆ ನುಗ್ಗಿ ಬಂದಿರುತ್ತೆ, ಅದಕ್ಕೇ ಹಾಗೆ ಉಬ್ಬೋದು. ತುಟಿಯ ಮೂಲೆ ಹಿಂದಕ್ಕೆ ಎಳೆದಿದೆ. ನಾವು ನಗು ಅಂದದ್ದು ಅದನ್ನೇ. ಕಿವಿ ತಲೆಗೆ ಅಂಟಿದೆ. ಮುಖ ಕ್ಯಾಮೆರಾ ಕಡೆ ಇದ್ದರೂ ಮೈ ಮಾತ್ರ ಗೋಡೆಯ ಬುಡದ ಒಂದು ಗೇಣು ನೆರಳಿನ ಕಡೆ ವಾಲಿದೆ. ಆ ಒಂದು ಗೇಣು ನೆರಳು ಫೋಟೋದಲ್ಲಿ ಇದೆ ಅಂತ ನನಗೆ ಗೊತ್ತಾಗೋಕೆ ತಿಂಗಳು ಹಿಡೀತು.

ಇನ್ನೊಂದು ವಿಷಯ ಕೂಡ ಅದೇ ಫೋಟೋ ಹೇಳುತ್ತೆ. ಹಿಂದಿನ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಕಲಬುರಗಿಯಲ್ಲಿ ಬೀದಿ ನಾಯಿಗೆ ಬರ ಇಲ್ಲ, ಗೊತ್ತಲ್ಲ. ಆದರೂ ಹತ್ತು ಗಂಟೆಗೆ ಎಲ್ಲಾ ನಿಂತ ಲಾರಿ ಕೆಳಗೆ, ನಲ್ಲಿಯ ಹಸಿ ಮಣ್ಣಿನಲ್ಲಿ, ಚರಂಡಿ ಬದಿಯಲ್ಲಿ ಗುಂಡಿ ತೋಡಿಕೊಂಡು ಬಿದ್ದಿರುತ್ತವೆ. ಆ ಹೊತ್ತಿಗೆ ಬಿಸಿಲಲ್ಲಿ ಇದ್ದದ್ದು ಹಗ್ಗ ಕಟ್ಟಿದ ನಾಯಿ ಒಂದೇ.

ನಾಯಿ ಬಿಸಿಲು ತಡೆಯೋದು ಹೇಗೆ ಅಂತ ನನಗೆ ಅರ್ಥ ಆದದ್ದು ನಮ್ಮ ಮನೆಯ ಕೂಲರ್ ನೋಡಿ. ನಮಗೆ ಮೈಯೆಲ್ಲಾ ಬೆವರು ಬರುತ್ತೆ. ನಾಯಿಗೆ ಬೆವರೋದು ಪಾದದ ಅಡಿಯಲ್ಲಿ ಅಷ್ಟೇ, ಅದರಿಂದ ಏನೂ ಆಗಲ್ಲ. ಅದರ ಕೂಲರ್ ಇರೋದು ಬಾಯಿಯಲ್ಲಿ. ಒದ್ದೆ ನಾಲಿಗೆ ಅಂದರೆ ಕೂಲರಿನ ಹುಲ್ಲಿನ ಪ್ಯಾಡು, ಏದುಸಿರು ಅಂದರೆ ಫ್ಯಾನು. ಗಾಳಿ ಆಡಿದಂತೆ ನೀರು ಆರುತ್ತೆ, ಆರಿದಂತೆ ತಂಪು. ಟಾಕಿಯಲ್ಲಿ ನೀರು ಮುಗಿದರೆ ನಮ್ಮ ಕೂಲರ್ ಏನು ಮಾಡುತ್ತೆ? ಬಿಸಿ ಗಾಳಿ ಊದುತ್ತೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ? ಬರೀ ಅಂಟಂಟು. ನಾಯಿಗೂ ಇದೇ ಲೆಕ್ಕ. ನೀರು ಕುಡಿಯದ ನಾಯಿ ಎಷ್ಟು ಏದುಸಿರು ಬಿಟ್ಟರೂ ಸುಮ್ನೆ. ಕಿಟಕಿ ಏರಿಸಿದ ಕಾರಿನಲ್ಲಿ ಐದು ನಿಮಿಷ ಅಂತ ಬಿಟ್ಟು ಹೋಗೋದು ಅಂತೂ ಬೇಡವೇ ಬೇಡ. ಅಜ್ಜ ಟವೆಲ್ ಕಿತ್ತು ಹಾಕಿದ್ದು ಯಾಕೆ ಅಂತಲೂ ಆಗ ತಿಳೀತು. ಹೊದಿಸಿದ ಒದ್ದೆ ಬಟ್ಟೆ ಸ್ವಲ್ಪ ಹೊತ್ತಿಗೆ ತಾನೇ ಬಿಸಿಯಾಗಿ ಒಳಗಿನ ಬಿಸಿಯನ್ನು ಕಟ್ಟಿ ಹಾಕುತ್ತೆ. ನೀರು ಸುರಿದು ಗಾಳಿ ಬೀಸಿದರೆ ಮಾತ್ರ ತಂಪು. ಪಗ್ ಥರದ ಚಪ್ಪಟೆ ಮೂಗಿನ ನಾಯಿಗಳಿಗೆ ಈ ಕೂಲರೇ ಚಿಕ್ಕದು. ಅವುಗಳನ್ನು ನಮ್ಮ ಊರಿಗೆ ತರುವವರು ಎರಡು ಸಲ ಯೋಚನೆ ಮಾಡಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಯಾರಿಗಾದರೂ ಬೇಜಾರಾದರೆ ಆಗಲಿ.

ಈ ವರ್ಷ ಶಿವರಾತ್ರಿ ಮುಗಿದದ್ದೇ ತಯಾರಿ ಶುರು ಮಾಡಿದೆ. ಮೊದಲು ಹೊತ್ತು. ಚಳಿಗಾಲದಲ್ಲಿ ಏಳು ಗಂಟೆಗೆ ಹೋಗುತ್ತಿದ್ದೆವು. ಮೂರು ನಾಲ್ಕು ದಿನಕ್ಕೊಮ್ಮೆ ಹತ್ತು ನಿಮಿಷ ಹಿಂದಕ್ಕೆ ತಂದೆ. ನಾಯಿಯ ಮೈಗೂ ಬೇಸಿಗೆ ರೂಢಿಯಾಗೋಕೆ ವಾರಗಳು ಬೇಕು. ಒಂದೇ ದಿನಕ್ಕೆ ಬದಲಾಯಿಸಿದರೆ ಅದಕ್ಕೂ ಕಷ್ಟ, ನನಗೆ ಅದಕ್ಕಿಂತ ಜಾಸ್ತಿ ಕಷ್ಟ. ನಾನು ಕೆಲಸ ಮಾಡೋದು ಸರ್ಕಾರಿ ಕಚೇರಿಯಲ್ಲಿ. ಏಪ್ರಿಲ್, ಮೇ ಬಂತು ಅಂದರೆ ಕಲಬುರಗಿ ವಿಭಾಗದಲ್ಲಿ ನಮ್ಮ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲಿಗೆ ಹೆದರಿ ಸರ್ಕಾರವೇ ಗಡಿಯಾರ ತಿರುಗಿಸಿದೆ. ನಾನು ಮಾತ್ರ ಅದೇ ಊರಿನಲ್ಲಿ ಕೂತು ನಾಯಿಗೆ ಚಳಿಗಾಲದ ಗಡಿಯಾರ ಹಿಡಿದಿದ್ದೆ. ಮೇ ತಿಂಗಳಲ್ಲಿ ಇಲ್ಲಿ ಐದೂ ಮುಕ್ಕಾಲಿಗೆಲ್ಲಾ ಸೂರ್ಯ ಬಂದಿರುತ್ತಾನೆ. ನಾವು ಐದು ಕಾಲಿಗೆ ಗೇಟು ತೆಗೀತೀವಿ. ಆರು ಗಂಟೆಗೆ ಮನೆ.

ಸಂಜೆಯ ವಿಷಯದಲ್ಲಿ ನಾನು ಮೋಸ ಹೋಗಿದ್ದೆ. ಸೂರ್ಯ ಮುಳುಗಿದ, ಗಾಳಿ ಬಂತು, ಇನ್ನೇನು ಅಂತ ಏಳು ಗಂಟೆಗೆ ಹೊರಟರೆ ಕಾಲ ಕೆಳಗಿನ ರಸ್ತೆ ಇನ್ನೂ ಮಧ್ಯಾಹ್ನದಲ್ಲೇ ಇರುತ್ತೆ. ನಮಗೆ ಚಪ್ಪಲಿ ಇದೆ, ತಿಳಿಯಲ್ಲ. ಈಗ ಗೇಟಿನ ಹೊರಗೆ ಬಗ್ಗಿ, ಹಿಂಗೈಯನ್ನು ರಸ್ತೆಗೆ ಒತ್ತಿ ಏಳರ ತನಕ ಎಣಿಸ್ತೀನಿ. ಎಣಿಸೋಕೆ ಆಗಲಿಲ್ಲ ಅಂದರೆ ಎಳ್ಳಿಯೂ ನಡೆಯಲ್ಲ. ಹಾಗೆ ಮುಟ್ಟಿ ಮುಟ್ಟಿ ನಮ್ಮ ಬೀದಿಯ ನೆಲವೆಲ್ಲಾ ನನಗೆ ಬಾಯಿಪಾಠ ಆಗಿದೆ. ಡಾಂಬರು ಎಲ್ಲಕ್ಕಿಂತ ಕೆಟ್ಟದ್ದು. ಅಂಗಳದ ಪರಸಿ, ಅದೇ ನಮ್ಮ ಶಹಾಬಾದ್ ಕಲ್ಲು, ಮನೆಯೊಳಗೆ ಸ್ವರ್ಗ, ಬಿಸಿಲಲ್ಲಿ ಹಂಚು. ಮೂಲೆ ಮನೆಯ ಬೇವಿನ ಮರದ ಕೆಳಗಿನ ಮಣ್ಣು ಮಾತ್ರ ಯಾವಾಗ ಮುಟ್ಟಿದರೂ ಸುಮಾರಾಗಿ ತಣ್ಣಗಿರುತ್ತೆ. ಎದುರು ಮನೆಯ ಕಾಕಾ ಒಂದು ವಾರ ನೋಡಿ, "ಏನವ್ವಾ, ದಿನಾ ರೋಡಿಗಿ ಕೈ ಮುಗೀಲತ್ತೀ?" ಅಂತ ಕೇಳಿದರು. ಹೇಳಿದೆ. ತಾವೂ ಬಗ್ಗಿ ಮುಟ್ಟಿದರು. ಏನೂ ಅನ್ನದೆ ಒಳಗೆ ಹೋದರು.

ಹೊಲದ ಕಡೆ ಕರೆದುಕೊಂಡು ಹೋದರೆ ಒಳ್ಳೇದಲ್ವಾ, ಮಣ್ಣಿನ ದಾರಿ ಅಂತ ಅನಿಸುತ್ತೆ. ನಿಜ, ಆದರೆ ಅಲ್ಲಿ ಬೇರೆ ತಕರಾರು. ತೊಗರಿ ಕೊಯ್ದ ಮೇಲೆ ಉಳಿಯುವ ಬುಡ ಈಟಿ ಥರ ಚೂಪಾಗಿರುತ್ತೆ. ಎರೆ ಭೂಮಿ ಬಿರಿದು ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿರುತ್ತೆ. ಜಾಲಿ ಮುಳ್ಳು ಅಂತೂ ಇದ್ದೇ ಇದೆ. ಬೂಟು ಹಾಕಿದರೆ ಅಂತ ಆನ್‌ಲೈನಿನಲ್ಲಿ ನಾಲ್ಕು ತರಿಸಿದೆ. ಎಳ್ಳಿ ಅದನ್ನು ಹಾಕಿಕೊಂಡು ಸಗಣಿ ಸಾರಿಸಿದ ನೆಲದ ಮೇಲೆ ನೆಂಟರು ನಡೆದಂತೆ ನಡೆದಳು. ಒಂದು ಬೂಟು ಅವತ್ತೇ ಕಾಣೆಯಾಯಿತು. ಮಿಕ್ಕ ಮೂರು ಮಗಳ ಗೊಂಬೆಗಳಿಗೆ.

ಉಣ್ಣೆ ಹುಳದ ಕಾಟ ಬೇಸಿಗೆಯಲ್ಲಿ ಜಾಸ್ತಿ. ವಾಕಿಂಗ್ ಮುಗಿಸಿ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡೋದು. ಔಷಧಿಯನ್ನು ವೈದ್ಯರು ತೂಕ ನೋಡಿಯೇ ಕೊಡಬೇಕು, ಪಕ್ಕದ ಮನೆಯ ನಾಯಿಯದನ್ನು ಹಾಕಬಾರದು. ಅಷ್ಟು ಸಾಕು.

ಕೂದಲಿನ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಪೊಮೆರೇನಿಯನ್ ಇದೆ. ಪ್ರತಿ ಮಾರ್ಚಿಗೆ ಅದಕ್ಕೆ ಬೋಳು ಹೊಡೆಸುತ್ತಾರೆ. ಪಾಪ, ಪ್ರೀತಿಯಿಂದಲೇ. ಆದರೆ ಎರಡು ಪದರ ಕೂದಲಿನ ನಾಯಿಗೆ ಆ ಕೂದಲೇ ಬಿಸಿಲಿನ ಛತ್ರಿ. ತೆಗೆದರೆ ಬಿಸಿಲು ಸೀದಾ ಚರ್ಮಕ್ಕೆ. ಆಮೇಲೆ ಕೂದಲು ಸರಿಯಾಗಿ ಬಾರದೆಯೂ ಇರಬಹುದು. ಬಾಚಣಿಗೆಯಿಂದ ಒಳಗಿನ ಸತ್ತ ಕೂದಲು ಬಾಚಿ ತೆಗೆದರೆ ಸಾಕು, ಗಾಳಿ ಆಡುತ್ತೆ. ಎಳ್ಳಿಯದು ಗಿಡ್ಡ ಕೂದಲು, ಆ ತಾಪತ್ರಯ ಇಲ್ಲ. ಅವಳ ತಾಪತ್ರಯ ಬಣ್ಣ. ಬೆಳಗಿನ ಎಂಟರ ಬಿಸಿಲಿಗೇ ಅವಳ ಬೆನ್ನು ಮುಟ್ಟಿದರೆ ಒಲೆ ಮೇಲಿಂದ ಇಳಿಸಿದ ಬೋಗಾಣಿ.

ನೀರು ಕುಡಿಯೋದನ್ನೂ ಕಲಿಸಬೇಕಾಯಿತು. ಹೊರಗೆ ಹೋದಾಗ ವಾಸನೆ, ಸದ್ದು, ಬೇರೆ ನಾಯಿ ಅಂತ ಅದರ ಗಮನವೆಲ್ಲಾ ಎಲ್ಲೆಲ್ಲೋ ಇರುತ್ತೆ, ಅಪರಿಚಿತ ಬಟ್ಟಲಿಗೆ ಬಾಯಿ ಹಾಕಲ್ಲ. ಅದಕ್ಕೆ ಮನೆಯಲ್ಲಿ ಅವಳು ದಿನಾ ಕುಡಿಯುವ ಸ್ಟೀಲಿನ ಡಬ್ಬಿಯನ್ನೇ ಚೀಲದಲ್ಲಿ ಒಯ್ತೀನಿ. ಮೊದಲ ವಾರ ನೀರಿಗೆ ಎರಡು ಚಮಚ ಮಜ್ಜಿಗೆ ಬೆರೆಸಿದೆ. ಈಗ ಬೇವಿನ ಮರದ ಹತ್ತಿರ ಬಂದರೆ ಅವಳೇ ಚೀಲಕ್ಕೆ ಮೂತಿ ತಾಗಿಸುತ್ತಾಳೆ. ಗೇಟಿನ ಹೊರಗೆ ಬೀದಿ ನಾಯಿಗಳಿಗೆ ಅತ್ತೆ ಒಂದು ಸಿಮೆಂಟಿನ ಬಾನಿ ಇಡಿಸಿದ್ದಾರೆ. ದಿನಾ ತೊಳೆದು ತುಂಬೋದು ಅವರ ಕೆಲಸ. ನಲ್ಲಿ ಬಾರದ ದಿನ ನಮ್ಮ ಪಾಲಿನ ನೀರಿನಲ್ಲೇ ಅದಕ್ಕೆ ಒಂದು ಕೊಡ.

ಇನ್ನು ಫೋಟೋ. ನಿಲ್ಲಿಸಿಬಿಡೋಣ ಅನಿಸಿತ್ತು. ಮಗಳು ಬಿಡಲಿಲ್ಲ.

ಹೋದ ವರ್ಷದ ದೊಡ್ಡ ತಪ್ಪು ಹೊತ್ತಿನದು ಮಾತ್ರ ಅಲ್ಲ, ಕ್ರಮದ್ದೂ ಹೌದು ಅಂತ ನನಗೆ ಈಗ ಅನಿಸುತ್ತೆ. ನಡೆಸಿ, ಸುಸ್ತು ಮಾಡಿ, ಆಮೇಲೆ ಫೋಟೋ ತೆಗೆದೆವು. ಎಲ್ಲರೂ ಹಾಗೇ ಮಾಡೋದು. ದಣಿದ ನಾಯಿ ಅಲ್ಲಾಡದೆ ಕೂರುತ್ತೆ ಅನ್ನೋ ಆಸೆ. ಆದರೆ ಬಾಯಿ ಮುಚ್ಚಿದ ನಾಯಿ ಸಿಗೋದು ಹೊರಟ ಮೊದಲ ಹತ್ತು ನಿಮಿಷದಲ್ಲಿ. ಅದಕ್ಕೆ ಈ ಸಲ ಮೊದಲು ಫೋಟೋ, ಆಮೇಲೆ ನಡಿಗೆ. ಅದೂ ಮೂರು ನಿಮಿಷ. ಮಗಳು ಫೋನಿನಲ್ಲಿ ಅಲಾರಾಂ ಇಡುತ್ತಾಳೆ, ಅದು ಕೂಗಿದರೆ ಎಷ್ಟೇ ಚೆಂದ ಕೂತಿರಲಿ, ಮುಗೀತು.

ಕರಿ ನಾಯಿಯ ಫೋಟೋ ತೆಗೆದವರಿಗೆ ಗೊತ್ತು, ಎಷ್ಟು ತೆಗೆದರೂ ನಾಯಿ ಆಕಾರದ ಒಂದು ತೂತು ಬರುತ್ತೆ. ಹಿಂದೆ ಬೆಳಕಿನ ಆಕಾಶ ಇದ್ದರೆ ಫೋನು ಆಕಾಶ ನೋಡಿ ಎಲ್ಲಾ ಕಪ್ಪು ಮಾಡಿಬಿಡುತ್ತೆ. ಪರದೆ ಮೇಲೆ ಅವಳ ಮುಖವನ್ನೇ ಮುಟ್ಟಿ, ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆದರೆ ಕಣ್ಣು, ಮೂಗು, ಹಣೆಯ ಮೇಲಿನ ಒಂದೆರಡು ಕಂದು ಕೂದಲು ಎಲ್ಲಾ ಎದ್ದು ಬರುತ್ತೆ. ನೆತ್ತಿಯ ಬಿಸಿಲಲ್ಲಿ ಏನು ಎಳೆದರೂ ಬರಲ್ಲ, ಬೆನ್ನು ಬೆಳ್ಳಗೆ ಹೊಳೆಯುತ್ತೆ, ಮುಖ ಇದ್ದಿಲು. ಸೂರ್ಯ ಬರುವ ಮುಂಚಿನ ಆ ಹದಿನೈದು ನಿಮಿಷದ ಮೆತ್ತನೆ ಬೆಳಕೇ ಕರಿ ಬಣ್ಣಕ್ಕೆ ಸರಿ. ಅವಳ ಪಾದಕ್ಕೆ ಯಾವ ಹೊತ್ತು ಒಳ್ಳೇದೋ ಫೋಟೋಗೂ ಅದೇ ಹೊತ್ತು ಒಳ್ಳೇದು ಅಂತ ತಿಳಿದಾಗ ನನ್ನ ಮೇಲೇ ಸಿಟ್ಟು ಬಂತು.

ನಿಂತು ತೆಗೆದರೆ ನಾಯಿ ಯಾವಾಗಲೂ ಕೆಳಗಿನದು. ಅವಳ ಕಣ್ಣಿನ ಮಟ್ಟಕ್ಕೆ ಹೋಗಬೇಕು ಅಂದರೆ ಹೊಟ್ಟೆ ಮೇಲೆ ಮಲಗಬೇಕು. ನಸುಕಿನಲ್ಲಿ ನೋಡುವವರು ಯಾರೂ ಇಲ್ಲ ಅಂತ ನಾನೂ ಮಲಗ್ತೀನಿ. ಹಾಲಿನವನು ಒಂದು ದಿನ ಸೈಕಲ್ ನಿಲ್ಲಿಸಿ, "ಬಿದ್ರೇನ್ರೀ ಅಕ್ಕಾರ?" ಅಂತ ಗಾಬರಿಯಾಗಿ ಓಡಿ ಬಂದ. ಮೊದಲು ಕೆಂಪು ಚೆಂಡು ಹಿಡಿದು ಕರೆಯುತ್ತಿದ್ದೆ, ಒಣಹುಲ್ಲಿನಲ್ಲಿ ಬಿದ್ದರೆ ಮೂಗಿನಿಂದಲೇ ಹುಡುಕಬೇಕಿತ್ತು ಅವಳು. ನಾಯಿಗೆ ಚೆನ್ನಾಗಿ ಕಾಣೋದು ನೀಲಿ ಮತ್ತು ಹಳದಿ. ಕೆಂಪು ಅದರ ಕಣ್ಣಿಗೆ ಒಣಹುಲ್ಲಿನಂತೆಯೇ ಮಂಕು. ಈಗ ಅತ್ತೆಯ ಹಳೆ ನೀಲಿ ಇಳಕಲ್ ಸೀರೆಯ ಒಂದು ಚೂರನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದೇವೆ. ಅದನ್ನು ಫೋನಿನ ಪಕ್ಕ ಹಿಡಿದರೆ ಕಿವಿ ತಾನೇ ಏಳುತ್ತೆ.

ಮೊನ್ನೆ ಬೇವಿನ ಮರದ ಕೆಳಗೆ ಒಂದು ಫೋಟೋ ಬಂತು. ಹೊತ್ತು 5.31. ಎಳ್ಳಿ ಬಾಯಿ ಮುಚ್ಚಿದ್ದಾಳೆ. ಕಣ್ಣು ಪೂರ್ತಿ ತೆರೆದಿದೆ, ಜೇನಿನ ಬಣ್ಣ. ಒಂದು ಕಿವಿ ನಮ್ಮ ಕಡೆ, ಇನ್ನೊಂದು ಎಲ್ಲೋ ಕೂಗಿದ ಕೋಳಿಯ ಕಡೆ. ಮುಂಗಾಲಿನ ಗಾದಿಯ ಮೇಲೆ ಹಳೆ ಗುಳ್ಳೆಯ ಗುರುತು ಸಣ್ಣಗೆ ಕಾಣುತ್ತೆ, ಹುಡುಕಿದರೆ. ಗುಂಪಿಗೆ ಹಾಕಿದೆ.

ಎರಡು ಹೆಬ್ಬೆರಳು ಬಂದವು. ಮಧ್ಯಾಹ್ನ ಕಾಕಿಯ ಸಂದೇಶ: "ಯಾಕವ್ವಾ, ಎಳ್ಳಿ ಸಿಟ್ಟಾಗ್ಯಾಳೇನು? ಹೋದ ವರ್ಷದ್ ನಗೋದ್ ಫೋಟೋ ಇತ್ತಲ್ಲ, ಅದು ಮತ್ತೊಮ್ಮಿ ಹಾಕು."

ಉತ್ತರ ಬರೆಯೋಕೆ ಶುರು ಮಾಡಿದೆ. ಉದ್ದ ಆಯಿತು. ಅಳಿಸಿ, ರಾತ್ರಿ ಫೋನ್ ಮಾಡ್ತೀನಿ ಕಾಕಿ ಅಂತ ಬರೆದೆ. ಎಳ್ಳಿ ಕೂಲರ್ ಮುಂದೆ ಪರಸಿ ಮೇಲೆ ನಾಲ್ಕೂ ಕಾಲು ಚಾಚಿ, ಹೊಟ್ಟೆ ನೆಲಕ್ಕೆ ಅಂಟಿಸಿ ನಿದ್ದೆ ಹೋಗಿದ್ದಳು. ಅತ್ತೆ ಅವಳನ್ನು ದಾಟಿಕೊಂಡು ಹೋಗಿ ಕೂಲರಿನ ಟಾಕಿಗೆ ಇನ್ನೊಂದು ಕೊಡ ನೀರು ಸುರಿದರು.